ಮಂಡಕ್ಕಿಗೆ ನಿಮ್ಮೂರಲ್ಲಿ ಏನಂತೀರಿ?

(ದಾವಣಗೆರೆಯ ಕಾಲೇಜೊಂದರ ಕನ್ನಡ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಮಿಕ್ಕದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ‘ಸಾಮಾಜಿಕ ಜಾಲತಾಣ: ಸಾಧಕ ಬಾಧಕಗಳು’ ಅಂತ ಅಚ್ಚಾಗಿದೆ. ಈ ಹೆಸರಿನ ಪ್ರಬಂಧವನ್ನು ನೀವೆಲ್ಲ ಹೈಸ್ಕೂಲಿನಲ್ಲೇ ಬರೆದಿರುತ್ತೀರಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಹತ್ತಕ್ಕೆ ಏಳು ಅಂಕ. ಅದನ್ನೇ ಮತ್ತೆ ಹೇಳೋಕೆ ನನಗೆ ಆಟೊ ಚಾರ್ಜು ಕೊಟ್ಟು ಕರೆಸಬೇಕಾಗಿರಲಿಲ್ಲ, ಅಲ್ವಾ? ಹಾಗಾಗಿ ವಿಷಯ ಸ್ವಲ್ಪ ತಿರುಚುತ್ತೇನೆ. ನಾನು ಕಥೆ ಬರೆಯುವವಳು. ದಿನಾ ಫೇಸ್‌ಬುಕ್ ನೋಡುತ್ತೇನೆ. ಖುಷಿಯಿಂದ ನೋಡುತ್ತೇನೆ. ಹೀಗಂದರೆ ಈಗ ಜನ ಒಂಥರಾ ನೋಡುತ್ತಾರೆ. ‘ನಾನಂತೂ ಎಲ್ಲ ಡಿಲೀಟ್ ಮಾಡಿಬಿಟ್ಟೆ’ ಅನ್ನೋದೇ ದೊಡ್ಡಸ್ತಿಕೆ ಆಗಿರುವ ಕಾಲ ಇದು. ನಾನು ಡಿಲೀಟ್ ಮಾಡಿಲ್ಲ. ಯಾಕೆ ಮಾಡಿಲ್ಲ, ಏನು ಮಾಡಿಕೊಂಡೆ ಅಂತ ಹೇಳುತ್ತೇನೆ.

ಪ್ರಾಂಶುಪಾಲರು ಈಗ ತಾನೇ ‘ಮೊಬೈಲ್ ಒಳಗಿಡಿ’ ಅಂದರು. ಬೇಡ ಸರ್, ಇರಲಿ ಬಿಡಿ. ಈಜಿನ ಪಾಠಕ್ಕೆ ಬಂದವರಿಗೆ ನೀರು ಮುಟ್ಟಬೇಡಿ ಅಂದ ಹಾಗಾಗುತ್ತೆ. ಕೊನೇ ಸಾಲಿನಲ್ಲಿ ಚೌಕಳಿ ಅಂಗಿಯ ಹುಡುಗ ಆಗಲೇ ತಲೆ ತಗ್ಗಿಸಿದ್ದಾನೆ. ಕೂತ್ಕೋಪ್ಪ, ಏನೂ ತೊಂದರೆ ಇಲ್ಲ.

ನಿಮ್ಮಲ್ಲಿ ಯಾರೂ ಆರ್ಕುಟ್ ಅನ್ನೋ ಜಾಲತಾಣ ನೋಡಿರಲಾರಿರಿ. 2004ರಲ್ಲಿ ಶುರುವಾಯಿತು, 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ನಾನು ಅದಕ್ಕೆ ಹೋಗುತ್ತಿದ್ದದ್ದು ಸೈಬರ್ ಕೆಫೆಯಿಂದ. ಹಲಗೆ ಹೊಡೆದ ಗೂಡು, ಗಂಟೆಗೆ ಇಷ್ಟು ಅಂತ ದುಡ್ಡು. ಕನ್ನಡದಲ್ಲಿ ಬರೆದು ಕಳಿಸಿದರೆ ಆ ಕಡೆಯವರಿಗೆ ಬರೀ ಚೌಕ ಚೌಕ ಕಾಣುತ್ತಿತ್ತು. ‘ಏನೋ ಡಬ್ಬಿ ಕಳಿಸಿದೀಯಲ್ಲೇ’ ಅಂತ ಗೆಳತಿ ಫೋನ್ ಮಾಡಿ ಕೇಳುತ್ತಿದ್ದಳು. ಕನ್ನಡದ ಅಕ್ಷರ ಸರಿಯಾಗಿ ಮೂಡಿದರೆ ಅವತ್ತು ಹಬ್ಬ.

ಆಮೇಲೆ ಟ್ವಿಟರ್ ಬಂತು. ಅಲ್ಲಿ ಒಂದು ಬರಹಕ್ಕೆ 140 ಅಕ್ಷರದ ಲೆಕ್ಕ. ಕಂಪ್ಯೂಟರು ನಮ್ಮ ಅಕ್ಷರವನ್ನು ನಾವು ಎಣಿಸಿದ ಹಾಗೆ ಎಣಿಸೋದಿಲ್ಲ. ‘ಸ್ತ್ರೀ’ ಅನ್ನೋದು ನಮಗೆ ಒಂದೇ ಅಕ್ಷರ. ಅದಕ್ಕೆ ಆರು. ಸ, ಅದನ್ನು ಅರ್ಧ ಮಾಡುವ ಗುರುತು, ತ, ಮತ್ತೊಂದು ಅಂಥದೇ ಗುರುತು, ರ, ಕೊನೆಗೆ ಈಕಾರದ ಗುರುತು. ಒತ್ತಕ್ಷರ ಇಲ್ಲದ ಪದ ಹುಡುಕಿ ಹುಡುಕಿ ಬರೆಯುತ್ತಿದ್ದೆ. ‘ರಾಷ್ಟ್ರ’ ಬೇಕಾದ ಕಡೆ ‘ನಾಡು’, ‘ವಿದ್ಯಾರ್ಥಿ’ ಬೇಕಾದ ಕಡೆ ‘ಹುಡುಗ’. ನಿಜ ಹೇಳಲಾ? ನನ್ನ ಗದ್ಯ ಸ್ವಲ್ಪ ಹಗುರಾದದ್ದು ಅಲ್ಲೇ. 2017ರ ನವೆಂಬರ್‌ನಲ್ಲಿ ಅದನ್ನು 280 ಮಾಡಿದಾಗ ಎಲ್ಲರೂ ಖುಷಿಪಟ್ಟರು, ನನಗೆ ಮಾತ್ರ ಒಂಚೂರು ಬೇಜಾರಾಯಿತು.

ಇನ್ನೊಂದು ತಮಾಷೆ ಕೇಳಿ. ನಮ್ಮ ‘ಠ’ ಇದೆಯಲ್ಲ, ಕನ್ನಡಿಗರೇ ಅದನ್ನು ಅಪರೂಪಕ್ಕೆ ಬರೆಯೋದು. ಪಾಠ, ಮಠ, ಹಠ, ಮುಗೀತು. ಆದರೆ ಕನ್ನಡದ ಗಂಧಗಾಳಿ ಇಲ್ಲದ ಲಕ್ಷಾಂತರ ಜನ ಅದನ್ನು ಬಳಸುತ್ತಾರೆ. ಎರಡು ‘ಠ’ ಇಟ್ಟು ನಡುವೆ ಒಂದು ಅಡ್ಡಗೆರೆ ಎಳೆದರೆ, ಹೀಗೆ, ಠ_ಠ, ‘ಏನಪ್ಪಾ ಇದು ನಿನ್ನ ಅವತಾರ’ ಅಂತ ದಿಟ್ಟಿಸುವ ಮುಖ. ನಮ್ಮ ಗಣಿತದ ಮೇಷ್ಟ್ರು ಥೇಟ್ ಹೀಗೇ ನೋಡುತ್ತಿದ್ದರು.

ಇಷ್ಟು ಹೇಳಿದ್ದು ಯಾಕೆ ಅಂದರೆ, ಶುರುವಿನಲ್ಲಿ ನನಗೆ ಇದೆಲ್ಲ ಆಟವಾಗಿತ್ತು. ಯಾವಾಗ ಆಟ ಕೆಟ್ಟಿತು? ನಾನು ‘ಅಭಿಪ್ರಾಯ’ ಬರೆಯೋಕೆ ಶುರು ಮಾಡಿದಾಗ.

ಕಥೆಗಾರ್ತಿ ಅಂತ ನಾಲ್ಕು ಜನ ಗುರುತಿಸಿದ ಮೇಲೆ ಒಂದು ಚಟ ಹತ್ತಿತು. ಬೆಳಗ್ಗೆ ಪೇಪರ್ ಓದೋದು, ಹತ್ತು ಗಂಟೆಯೊಳಗೆ ಅದರ ಬಗ್ಗೆ ಒಂದು ಖಡಕ್ ಮಾತು ಹಾಕೋದು. ಒಂದು ಸಲ ಒಬ್ಬರ ಕವನ ಸಂಕಲನದ ಬಗ್ಗೆ ನಾಲ್ಕು ಸಾಲು ಬರೆದೆ. ಹುಳಿ ಸ್ವಲ್ಪ ಜಾಸ್ತಿಯೇ ಆಗಿತ್ತು. ಮೂರು ದಿನ ಜಗಳ. ಅವರ ಕಡೆಯವರು, ನನ್ನ ಕಡೆಯವರು, ಪುಸ್ತಕವನ್ನು ಕಣ್ಣಲ್ಲೂ ನೋಡದವರು. ಕುಕ್ಕರ್ ತಳ ಹಿಡಿದು ಬೇಳೆ ಕಪ್ಪಾಗಿ ವಾಸನೆ ಪಕ್ಕದ ಮನೆಗೆ ಹೋಗಿತ್ತು, ನನಗೆ ಗೊತ್ತಾಗಲಿಲ್ಲ. ನಮ್ಮ ಮನೆಯವರು ಬಂದು ಗ್ಯಾಸ್ ಆರಿಸಿ, ಏನೂ ಅನ್ನದೆ ಹೋಗಿ ಹೋಟೆಲಿಂದ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದರು. ಆ ಕವಿ ಇವತ್ತಿಗೂ ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆ ಕಡೆ ಹೋಗುತ್ತಾರೆ. ತಪ್ಪು ಪೂರ್ತಿ ನನ್ನದೇ. ಅದೇ ನಾಲ್ಕು ಸಾಲನ್ನು ಅವರ ಮನೆಗೆ ಹೋಗಿ ಕಾಫಿ ಕುಡೀತಾ ಹೇಳಿದ್ದರೆ ಅವರು ನಗುತ್ತಿದ್ದರು ಅನ್ನಿಸುತ್ತೆ.

ಆಮೇಲೆ ಈ ಯಂತ್ರ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಓದಿಕೊಂಡೆ. ಫೇಸ್‌ಬುಕ್ 2009ರಲ್ಲಿ ಲೈಕ್ ಗುಂಡಿ ತಂದಿತು. 2016ರಲ್ಲಿ ಅದರ ಜೊತೆಗೆ ಪ್ರೀತಿ, ನಗು, ಅಚ್ಚರಿ, ದುಃಖ, ಕೋಪದ ಮುಖಗಳು ಬಂದವು. ಯಾವ ಬರಹ ಎಷ್ಟು ಜನಕ್ಕೆ ಕಾಣಬೇಕು ಅಂತ ಲೆಕ್ಕ ಹಾಕುವಾಗ, 2017ರಿಂದ ಈ ಮುಖಗಳಿಗೆ ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿದ್ದರು. ಕೋಪದ ಮುಖಕ್ಕೂ ಐದು ಪಟ್ಟು. ಕಂಪನಿಯ ಒಳಗಿನ ಕಾಗದಗಳು 2021ರಲ್ಲಿ ಹೊರಬಿದ್ದಾಗ ಜಗತ್ತಿಗೆ ಇದು ಗೊತ್ತಾಯಿತು. ಅಷ್ಟು ಹೊತ್ತಿಗೆ, 2020ರಲ್ಲಿ, ಅವರೇ ಕೋಪದ ತೂಕವನ್ನು ಸೊನ್ನೆಗೆ ಇಳಿಸಿದ್ದರು. ನನಗೆ ಇದನ್ನು ಓದಿ ಕೋಪ ಬರಲಿಲ್ಲ. ತಕ್ಕಡಿ ಹೇಗಿದೆ ಅಂತ ಗೊತ್ತಾದರೆ ಏನು ತೂಗಬೇಕು ಅಂತ ನಾವು ನೋಡಿಕೊಳ್ಳಬಹುದು, ಅಷ್ಟೇ. ಜನ ಮಾತಾಡಿದಷ್ಟೂ ಬರಹ ಮೇಲೆ ಬರುತ್ತೆ. ಜಗಳ ಆಡಿದರೂ ಮಾತೇ. ಆದರೆ ಜಗಳ ಇಲ್ಲದೆ ಮಾತಾಡಿದರೂ ಮಾತೇ ಅಲ್ವಾ?

ಇನ್ನು ಮಂಡಕ್ಕಿಗೆ ಬರುತ್ತೇನೆ.

ನನ್ನ ತವರು ಮೈಸೂರು ಕಡೆ. ಮದುವೆಯಾಗಿ ದಾವಣಗೆರೆಗೆ ಬಂದ ಹೊಸತು. ಅಂಗಡಿಗೆ ಹೋಗಿ ‘ಪುರಿ ಕೊಡಿ’ ಅಂದೆ. ಅಂಗಡಿಯವರು ನನ್ನ ಮುಖ ನೋಡಿ, ‘ಪೂರಿ ಬೇಕಂದ್ರ ಹೋಟ್ಲಿಗೆ ಹೋಗ್ರಿ ಅಮ್ಮ’ ಅಂದರು. ಎದುರಿಗೇ ಗೋಣಿಚೀಲದ ತುಂಬ ಬೆಳ್ಳಗೆ ರಾಶಿ ಇದೆ. ಬೆರಳು ತೋರಿಸಿದೆ. ‘ಓ, ಮಂಡಕ್ಕಿ!’ ಮಂಡಕ್ಕಿ ಭಟ್ಟಿಗಳ ಊರಿಗೆ ಸೊಸೆಯಾಗಿ ಬಂದು ಅದರ ಹೆಸರೇ ಗೊತ್ತಿಲ್ಲ ಅಂದರೆ! ಮನೆಯಲ್ಲಿ ಒಂದು ವರ್ಷ ಇದನ್ನೇ ಹೇಳಿ ನಗುತ್ತಿದ್ದರು.

ಆ ಜಗಳದ ನಂತರ ಎರಡು ತಿಂಗಳು ನಾನು ಏನೂ ಬರೆದಿರಲಿಲ್ಲ. ಒಂದು ಭಾನುವಾರ ಮನೆಯವರು ಒಂದು ಸೇರು ಮಂಡಕ್ಕಿ ತಂದು ಪೇಪರ್ ಮೇಲೆ ಸುರಿದರು. ಹಳೇದು ನೆನಪಾಗಿ ಫೋಟೊ ತೆಗೆದು ಹಾಕಿದೆ. ಜೊತೆಗೆ ಒಂದೇ ಸಾಲು: ‘ಇದಕ್ಕೆ ನಿಮ್ಮೂರಲ್ಲಿ ಏನಂತೀರಿ?’ ಎಣ್ಣೆ ಸ್ನಾನಕ್ಕೆ ಹೋದೆ. ತಲೆ ಒರೆಸಿಕೊಂಡು ಬಂದು ನೋಡಿದರೆ 31 ಉತ್ತರ.

ಮಂಡ್ಯದವರೊಬ್ಬರು ‘ಪುರಿ ಕಣಮ್ಮ, ಕಡ್ಲೆಪುರಿ’ ಅಂದಿದ್ದರು. ತವರಿನವರು ಸಿಕ್ಕ ಹಾಗಾಯಿತು. ಧಾರವಾಡದವರು ಚುರುಮುರಿ ಅಂದರು. ಕೂಡಲೇ ಮಂಗಳೂರಿನವರು ಬಂದು, ಚುರುಮುರಿ ಅಂದರೆ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ತೆಂಗಿನೆಣ್ಣೆ ಹಾಕಿ ಕಲಸಿ ಪೊಟ್ಟಣದಲ್ಲಿ ಕೊಡ್ತಾರಲ್ಲ, ಅದು. ಬರೀ ಇದಕ್ಕೆ ಹಾಗನ್ನೋದಿಲ್ಲ ಮಾರಾಯ್ರೇ ಅಂದರು. ಬಳ್ಳಾರಿ ಕಡೆಯ ಒಬ್ಬರು ‘ಮಂಡಾಳು’ ಅಂದರು. ಡಲ್ಲಾಸ್‌ನಲ್ಲಿರುವ ಹುಡುಗಿಯೊಬ್ಬಳು, ‘ಇಲ್ಲಿ ಇಂಡಿಯನ್ ಅಂಗಡಿ ಪ್ಯಾಕೆಟ್ ಮೇಲೆ ಮಮ್ರಾ ಅಂತ ಇರುತ್ತೆ ಆಂಟಿ, ಎರಡು ವರ್ಷ ಇದು ಸಿಗೋದೇ ಇಲ್ಲ ಅಂದ್ಕೊಂಡಿದ್ದೆ’ ಅಂತ ಬರೆದಳು.

ಮಧ್ಯಾಹ್ನದ ಹೊತ್ತಿಗೆ ಮಾತು ಅಡುಗೆ ಮನೆಗೆ ತಿರುಗಿತು. ಇದನ್ನೇ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿದರೆ ಏನು? ಇಲ್ಲಿ ಒಗ್ಗರಣೆ ಮಂಡಕ್ಕಿ. ಬಳ್ಳಾರಿಯಲ್ಲಿ ಬರೀ ಒಗ್ಗರಣೆ, ಪಕ್ಕಕ್ಕೆ ಮಿರ್ಚಿ. ಉತ್ತರ ಕರ್ನಾಟಕದ ಕಡೆ ಸುಸಲಾ. ಮಲೆನಾಡಿನಲ್ಲಿ ಉಸ್ಲಿ. ಯಾರೋ ಪಾಪ ‘ಗಿರ್ಮಿಟ್ ಅಂದ್ರೂ ಅದೇನಾ?’ ಅಂತ ಕೇಳಿಬಿಟ್ಟರು. ಹುಬ್ಬಳ್ಳಿಯಿಂದ ಉತ್ತರ ಬಂತು: ‘ಗಿರ್ಮಿಟ್ ಬ್ಯಾರೇನ ಐತ್ರಿ, ಅದನ್ನ ಇದರಾಗ ಸೇರಸಬ್ಯಾಡ್ರಿ.’ ಅದೊಂದು ಮಾತಿಗೇ 19 ಪ್ರತಿಮಾತು. ಜಗಳವೇ ಅದು. ಆದರೆ ಯಾರಿಗೂ ಬಿಪಿ ಏರಲಿಲ್ಲ.

ಸಂಜೆ ಒಬ್ಬರು ಬರೆದರು. ಅವರು ಯಾವತ್ತೂ ಏನೂ ಬರೆಯದವರು, ಸುಮ್ನೆ ಓದಿ ಲೈಕ್ ಒತ್ತಿ ಹೋಗುವವರು. ಅವರ ಮನೆಯವರದ್ದು ಭಟ್ಟಿ ಅಂತೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಅದಕ್ಕೆ ಉಪ್ಪುನೀರು ಹಿಡಿಸಿ, ಕೊನೆಗೆ ಕಾದ ಮರಳಿಗೆ ಹಾಕೋದು. ಮರಳು ಜಾಸ್ತಿ ಕಾದರೆ ಮಂಡಕ್ಕಿ ಕೆಂಪಾಗುತ್ತೆ, ಕಡಿಮೆಯಾದರೆ ಅರಳೋದಿಲ್ಲ. ‘ನೀವು ತಿನ್ನೋವಾಗ ಎಲ್ಲೋ ಒಂದು ಸಲ ಹಲ್ಲಿಗೆ ಮರಳು ಸಿಗುತ್ತಲ್ಲ ಮೇಡಂ, ಅದು ನಮ್ಮಪ್ಪನ ಕೈಯದು’ ಅಂತ ಮುಗಿಸಿದ್ದರು. ನಾನು ಇಪ್ಪತ್ತೈದು ವರ್ಷ ಕಥೆ ಬರೆದಿದ್ದೇನೆ. ಅಂಥ ಒಂದು ಸಾಲು ನನಗೆ ಹೊಳೆದಿಲ್ಲ.

ಅವತ್ತಿನಿಂದ ನಾನು ಉತ್ತರ ಹಾಕೋದು ಬಿಟ್ಟೆ. ಪ್ರಶ್ನೆ ಹಾಕುತ್ತೇನೆ. ನನ್ನ ವಿಧಾನ ಅಂತ ಏನಾದರೂ ಇದ್ದರೆ ಇದೇ.

ಪ್ರಶ್ನೆ ಅಂದರೆ ಎಲ್ಲ ಪ್ರಶ್ನೆಯೂ ಅಲ್ಲ. ‘ಈ ಸಮಾಜ ಎತ್ತ ಸಾಗುತ್ತಿದೆ?’ ಅನ್ನೋದು ಪ್ರಶ್ನೆ ಅಲ್ಲ, ಅದು ಪ್ರಶ್ನೆಯ ಬಟ್ಟೆ ಹಾಕಿಕೊಂಡ ಬೈಗುಳ. ಉತ್ತರ ನನಗೆ ಮೊದಲೇ ಗೊತ್ತಿದ್ದು, ಜನ ತಪ್ಪು ಹೇಳಲಿ ಅಂತ ಕಾಯೋದೂ ಬೇಡ. ಅದು ಪರೀಕ್ಷೆ. ನಿಜವಾಗಿ ನನಗೆ ಗೊತ್ತಿರಬಾರದು. ಉತ್ತರ ಹೇಳುವವರು ಗೂಗಲ್ ನೋಡಬೇಕಾಗಿ ಬರಬಾರದು, ಅವರ ಅಡುಗೆಮನೆ, ಹಿತ್ತಿಲು, ಅಜ್ಜಿಯ ಬಾಯಿ ಸಾಕಾಗಬೇಕು. ಸೀಬೆಹಣ್ಣಿಗೆ ಏನಂತೀರಿ ಅಂತ ಕೇಳಿದೆ, ಪೇರಲ, ಚೇಪೆ ಅಂತ ಬಂದವು. ಒಂದೆಲಗದ ಸೊಪ್ಪಿನ ಫೋಟೊ ಹಾಕಿದಾಗ ತುಳುವರು ‘ತಿಮರೆ’ ಅಂದರು, ಜೊತೆಗೆ ಚಟ್ನಿ ಹೇಗೆ ಮಾಡಬೇಕು ಅಂತಲೂ ಹೇಳಿದರು. ಎಲ್ಲ ಪ್ರಶ್ನೆಯೂ ಗೆಲ್ಲುತ್ತೆ ಅಂತ ಅಲ್ಲ. ‘ನಿಮ್ಮ ಮನೆಯ ಮೊದಲ ಬೀಗ ಹೇಗಿತ್ತು?’ ಅಂತ ಕೇಳಿದ್ದಕ್ಕೆ ಎರಡೇ ಉತ್ತರ. ಒಂದು ನಮ್ಮ ಮನೆಯವರದ್ದು.

ಬಂದ ಉತ್ತರಗಳಿಗೆ ನಾನು ಒಂದೊಂದಕ್ಕೂ ಮಾತಾಡುತ್ತೇನೆ. ಹೆಬ್ಬೆರಳು ತೋರಿಸಿ ಸುಮ್ಮನಾಗೋದಿಲ್ಲ. ಮನೆಗೆ ಬಂದವರಿಗೆ ಕೂತಲ್ಲಿಂದಲೇ ತಲೆ ಆಡಿಸಿದರೆ ಆಗುತ್ತಾ? ಆಮೇಲೆ ಚೆನ್ನಾಗಿರೋದನ್ನು ಒಂದು ಲಾಂಗ್ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತೇನೆ, ಪೆನ್ನಿನಲ್ಲಿ. ಆರ್ಕುಟ್ ಜೊತೆ ನನ್ನ ಎಷ್ಟೋ ಮಾತು ಮುಳುಗಿಹೋದವು. ನಮ್ಮ ಬೆಂಗಳೂರಿನಲ್ಲೇ 2020ರಲ್ಲಿ ಹುಟ್ಟಿದ, ಟ್ವಿಟರ್ ಥರದ ‘ಕೂ’ 2024ರಲ್ಲಿ ಮುಚ್ಚಿತು. ಈ ಜಾಗಗಳೆಲ್ಲ ಬಾಡಿಗೆ ಮನೆ. ಪಾತ್ರೆ ಪಗಡ ನಮ್ಮದು ನಮ್ಮ ಹತ್ತಿರ ಇರಬೇಕು.

ಸೆಟ್ಟಿಂಗ್ಸ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ನೋಟಿಫಿಕೇಶನ್ ಎಲ್ಲ ಬಂದ್. ನನಗೆ ಬೇಕಾದಾಗ ನಾನು ಹೋಗುತ್ತೇನೆ, ಅದು ನನ್ನನ್ನು ಕರೆಯೋದು ಬೇಡ. ಫೇಸ್‌ಬುಕ್‌ನಲ್ಲಿ ‘ಫೀಡ್ಸ್’ ಅಂತ ಒಂದು ಜಾಗ 2022ರಲ್ಲಿ ಬಂತು, ಅಲ್ಲಿ ಹೊಸದು ಮೊದಲು ಅನ್ನುವ ಕ್ರಮದಲ್ಲಿ ಗೆಳೆಯರದ್ದು ಕಾಣುತ್ತೆ. ನಾನು ಅಲ್ಲೇ ಕೂರೋದು. ತಲೆ ತಿನ್ನುವ ಸಂಬಂಧಿಕರನ್ನು ಅನ್‌ಫ್ರೆಂಡ್ ಮಾಡಿದರೆ ಮದುವೆ ಮನೆಯಲ್ಲಿ ಮುಖ ತೋರಿಸೋದು ಕಷ್ಟ. ಅದಕ್ಕೆ 30 ದಿನ ಅವರ ಬರಹ ಕಾಣದ ಹಾಗೆ ಮಾಡುವ ಸ್ನೂಜ್ ಇದೆ. ಚುನಾವಣೆಗೆ ಮುಂಚೆ ಒಂದು ಸುತ್ತು ಒತ್ತಿಬಿಡುತ್ತೇನೆ, ಅವರಿಗೆ ಗೊತ್ತೂ ಆಗೋದಿಲ್ಲ. ಯೂಟ್ಯೂಬ್‌ನಲ್ಲಿ ನೋಡಿದ್ದರ ಹಿಸ್ಟರಿ ಅಳಿಸಿ ನಿಲ್ಲಿಸಿದರೆ ಮುಖಪುಟವೇ ಖಾಲಿ. ತೆರೆದರೆ ಗುಡಿಸಿ ಸಾರಿಸಿದ ಅಂಗಳದ ಹಾಗಿರುತ್ತೆ. ಏನು ಬೇಕು ಅಂತ ಹುಡುಕಿಕೊಂಡೇ ನೋಡಬೇಕು.

ಆದರೆ ಒಂದು ತೊಂದರೆ ಸೆಟ್ಟಿಂಗ್ಸ್‌ನಿಂದ ಹೋಗೋದಿಲ್ಲ. ಕೆಳಗೆ ತಳವೇ ಇಲ್ಲ. ಎಳೆದಷ್ಟೂ ಬರುತ್ತಲೇ ಇರುತ್ತೆ. ಹಿಂದೆ ಹೀಗಿರಲಿಲ್ಲ, ಪುಟ ಮುಗಿದರೆ ‘ಮುಂದಿನ ಪುಟ’ ಅಂತ ಒತ್ತಬೇಕಿತ್ತು. ಆ ಒಂದು ಕ್ಷಣದಲ್ಲಿ ‘ಸಾಕು, ಏಳೋಣ’ ಅನ್ನಿಸುತ್ತಿತ್ತು. ಈ ತಳವಿಲ್ಲದ ಎಳೆತವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅನ್ನುವವರೇ ಆಮೇಲೆ ಅದಕ್ಕಾಗಿ ಪಶ್ಚಾತ್ತಾಪ ಪಟ್ಟರು. ಅವರು ಪಟ್ಟರೆ ನನಗೇನು ಬಂತು? ನಾನೇ ಒಂದು ತಳ ಇಟ್ಟುಕೊಂಡೆ. ಬೇಳೆಗೆ ಕುಕ್ಕರ್ ಇಟ್ಟು ಅಡುಗೆಮನೆ ಕಟ್ಟೆಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ನಾಲ್ಕು ಕೂಗು. ನಾಲ್ಕನೇದು ಕೂಗಿದರೆ ಗ್ಯಾಸೂ ಬಂದ್, ಮೊಬೈಲೂ ಬಂದ್. ಬೇಳೆ ಕಪ್ಪು ಮಾಡಿದವಳಿಗೆ ಇದಕ್ಕಿಂತ ಒಳ್ಳೆ ಶಿಕ್ಷೆ ಇಲ್ಲ.

ವಾಟ್ಸಾಪ್ ಬಗ್ಗೆ ಒಂದು ಅವಮಾನದ ಕಥೆ ಹೇಳಲೇಬೇಕು. ನಮ್ಮ ಕಡೆಯ ಹಿರಿಯ ಮೇಷ್ಟ್ರೊಬ್ಬರು. ನನ್ನ ಮೊದಲ ಕಥೆಯನ್ನು ಕೆಂಪು ಇಂಕಿನಲ್ಲಿ ತಿದ್ದಿದವರು. ಒಂದು ಬೆಳಗ್ಗೆ ಗ್ರೂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಮೇಲೆ ಎರಡು ಬಾಣದ ಗುರುತು ಇತ್ತು. ಅಂದರೆ ತುಂಬ ಕೈ ದಾಟಿ ಬಂದ ಸುದ್ದಿ ಅಂತ. ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಇಲ್ಲವೇ ಒಂದು ಗ್ರೂಪಿಗೆ ಮಾತ್ರ ಕಳಿಸಬಹುದು ಅಂತ 2020ರಲ್ಲಿ ಕಟ್ಟು ಮಾಡಿದ್ದು ಇಂಥ ಕಾರಣಕ್ಕೇ. ನನಗೆ ಗುರುತು ಕಾಣಲಿಲ್ಲ, ಕಣ್ಣು ತುಂಬಿತ್ತು. ಅಳುತ್ತಾ ಕೂತು ಫೇಸ್‌ಬುಕ್‌ಗೆ ಉದ್ದಕ್ಕೆ ಬರೆದೆ. ಸೈಕಲ್ಲು, ಬಿಳಿ ಜುಬ್ಬ, ಕೆಂಪು ಇಂಕು ಎಲ್ಲ. ನೂರಾರು ಜನ ಕೈ ಮುಗಿದರು.

ಒಂಬತ್ತು ಗಂಟೆಗೆ ಅವರ ಮಗನ ಫೋನ್. ‘ಅಕ್ಕ, ಅಪ್ಪ ಕಾಫಿ ಕುಡೀತಿದಾರೆ.’

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆತ ಮುಂದುವರಿಸಿದ: ‘ನೀವು ಬರೆದದ್ದನ್ನ ಓದಿ ಹೇಳಿದೆ. ಪೂರ್ತಿ ಕೇಳಿದ್ರು. ಸೈಕಲ್ ಹರ್ಕ್ಯುಲಿಸ್ ಅಲ್ಲ, ರ್‍ಯಾಲಿ ಅಂತೆ. ತಿದ್ದಬೇಕಂತೆ.’

ತಿದ್ದಲಿಲ್ಲ, ಅಳಿಸಿದೆ. ತಪ್ಪಾಯಿತು ಅಂತ ಒಂದು ಸಾಲು ಹಾಕಿದೆ. ಸಂಜೆ ಹಣ್ಣು ತಗೊಂಡು ಮನೆಗೆ ಹೋದೆ. ಮೇಷ್ಟ್ರು ಬೈಯಲಿಲ್ಲ. ‘ಬದುಕಿದ್ದಾಗ ಇದನ್ನೆಲ್ಲ ಯಾರೂ ಹೇಳಲ್ಲ ನೋಡು. ನನ್ನ ಅದೃಷ್ಟ ಚೆನ್ನಾಗಿತ್ತು’ ಅಂದರು. ಈಗ ನಾನು ತಿಂಗಳಿಗೆ ಒಬ್ಬರಂತೆ ಬದುಕಿರುವವರ ಬಗ್ಗೆ ಬರೆಯುತ್ತೇನೆ. ಸಾವಿನ ಸುದ್ದಿಯನ್ನು ಮಾತ್ರ ಮನೆಯವರಿಗೆ ಫೋನ್ ಮಾಡದೆ ಮುಟ್ಟೋದಿಲ್ಲ. ಬದುಕಿರುವವರ ಬಗ್ಗೆ ಬರೆಯೋದರಲ್ಲಿ ಒಂದು ಲಾಭ ಇದೆ. ಅವರೇ ಬಂದು ತಪ್ಪು ತಿದ್ದುತ್ತಾರೆ. ಹತ್ತಿರದ ಬಸ್ ಸ್ಟ್ಯಾಂಡಿನಲ್ಲಿ ಹೂ ಕಟ್ಟುವ ಅಮ್ಮನ ಬಗ್ಗೆ ಬರೆದಾಗ, ಮೊಮ್ಮಗ ಓದಿ ಹೇಳಿದನಂತೆ. ಮರುದಿನ ನಾನು ಹೋದರೆ, ‘ಮೊಳ ಹಾಕೋವಾಗ ನಾನು ಕೈ ಬಿಗಿ ಹಿಡೀತೀನಿ ಅಂತ ಬರ್ದೀಯಂತೆ?’ ಅಂದರು. ಅವತ್ತು ಮೊಳ ಸ್ವಲ್ಪ ಉದ್ದವೇ ಇತ್ತು.

ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಒಂದನ್ನು ಇಲ್ಲಿ ಬರೆಯುತ್ತೇನೆ. ಎರಡನೇ ಬಿಎ ಹುಡುಗಿಯೊಬ್ಬಳು ಎದ್ದು, ‘ಮೇಡಂ, ನಿಮ್ಮನ್ನ ಜನಕ್ಕೆ ಗೊತ್ತು, ಅದಕ್ಕೆ ಉತ್ತರ ಬರುತ್ತೆ. ನನಗಿರೋದು 43 ಫಾಲೋವರ್ಸು. ನಾನು ಕೇಳಿದ್ರೆ ಯಾರು ಹೇಳ್ತಾರೆ?’ ಅಂದಳು. ಸರಿಯಾದ ಪ್ರಶ್ನೆ. ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಮೊದಲು ಬೇರೆಯವರು ಕೇಳಿದ್ದಕ್ಕೆ ನೀನು ಉತ್ತರ ಹೇಳು ಅಂದೆ. 43 ಅಂದರೆ ಒಂದು ಬಸ್ಸಿನ ತುಂಬ ಜನ, ಕಮ್ಮಿ ಏನಲ್ಲ ಅಂದೆ. ಅವಳಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಹೊರಗೆ ಟೀ ಕೊಡುತ್ತಿದ್ದರು. ಕೊನೇ ಸಾಲಿನ ಚೌಕಳಿ ಅಂಗಿ ಹುಡುಗ ಹತ್ತಿರ ಬಂದ. ಭಾಷಣದ ಉದ್ದಕ್ಕೂ ತಲೆ ಎತ್ತಿರಲಿಲ್ಲ ಅವನು. ‘ಮೇಡಂ, ಇದು’ ಅಂತ ಮೊಬೈಲ್ ಚಾಚಿದ. ನಾನು ಮಂಡಕ್ಕಿ ವಿಷಯ ಹೇಳುತ್ತಿದ್ದಾಗಲೇ ಕೂತಲ್ಲಿಂದ ಹಾಕಿದ್ದಾನೆ: ‘ಶೇಂಗಾಕ್ಕೆ ನಿಮ್ಮ ಕಡೆ ಏನಂತೀರಾ?’ ಕೆಳಗೆ ಆಗಲೇ 11 ಉತ್ತರ. ಕಡ್ಲೇಕಾಯಿ ಅಂತ ನಾಲ್ಕು ಜನ. ನೆಲಗಡಲೆ ಅಂತ ಪುತ್ತೂರಿನ ಒಬ್ಬ. ‘ಲೇ, ಕ್ಲಾಸಲ್ಲಿ ಇದೀಯೋ ಇಲ್ವೋ’ ಅಂತ ಒಬ್ಬ. ಅದರ ಕೆಳಗೆ ಆ 43ರ ಹುಡುಗಿಯದ್ದೂ ಒಂದಿತ್ತು, ಎರಡು ನಿಮಿಷದ ಹಿಂದಿನದು: ‘ನಮ್ಮಜ್ಜಿ ಇನ್ನೇನೋ ಅಂತಾರೆ, ಮನೆಗೆ ಹೋಗಿ ಕೇಳಿ ಹೇಳ್ತೀನಿ.’